ಕೆಳಗೆ ನಿಂತ ಕೈಗಳು

ನಮ್ಮ ಮನೆದೇವರು ದೇವರಗುಡ್ಡದ ಮಾಲತೇಶ. ರಾಣೆಬೆನ್ನೂರಿನಿಂದ ಬ್ಯಾಡಗಿಯ ಕಡೆಗೆ ರೈಲಿನಲ್ಲಿ ಹೊರಟವರಿಗೆ ನಡುವೆ ಸಿಗುವ ಊರು ಅದು. ಉಳಿದ ದಿನಗಳಲ್ಲಿ ತನ್ನ ಪಾಡಿಗೆ ತಾನಿರುವ ಆ ಗುಡ್ಡ ನವರಾತ್ರಿಯಲ್ಲಿ ಭಂಡಾರ ಎರಚಿದ ಹಳದಿಯಲ್ಲಿ ಮಿಂದು ಬೇರೆಯೇ ಒಂದು ಲೋಕವಾಗುತ್ತದೆ. ಆಯುಧಪೂಜೆಯ ದಿನ ಸಂಜೆ ಅಲ್ಲಿ ಕಾರಣಿಕ. ಉಪವಾಸವ್ರತದಲ್ಲಿದ್ದ ಗೊರವಪ್ಪ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ, ಅದುವರೆಗೆ ಡಮರುಗ, ಕೊಳಲು, ಏಳುಕೋಟಿಯ ಘೋಷಗಳಿಂದ ಕಿವಿಗಚ್ಚುತ್ತಿದ್ದ ಸಾವಿರಾರು ಜನ ಒಮ್ಮೆಗೇ ಮೂಕರಾಗುತ್ತಾರೆ. ಆತ ಒಂದೇ ಒಂದು ಮಾತು ನುಡಿಯುತ್ತಾನೆ. ನುಡಿದವನೇ ಕೈಬಿಟ್ಟು ಕೆಳಗೆ ಬೀಳುತ್ತಾನೆ. ಕೆಳಗೆ ನಿಂತವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಆ ಮಾತಿಗೆ ಮಳೆಯ ಅರ್ಥ, ಬೆಳೆಯ ಅರ್ಥ, ರಾಜಕಾರಣದ ಅರ್ಥ ಹಚ್ಚುತ್ತ ಜನ ಮನೆಗೆ ಮರಳುತ್ತಾರೆ.

ಆ ಗುಡ್ಡದ ಮೇಲೆ ನಾನು ನಾಲ್ಕು ಸಲ ಕುಡಿತ ಬಿಟ್ಟಿದ್ದೇನೆ.

ಓದುಗರು ನಗಬಹುದು, ನಗುವುದರಲ್ಲಿ ತಪ್ಪಿಲ್ಲ. ನಾಲ್ಕು ಸಲವೂ ಹಣೆಗೆ ಭಂಡಾರ ಹಚ್ಚಿಕೊಂಡು, ಪಕ್ಕದಲ್ಲಿ ಹೆಂಡತಿಯನ್ನು ನಿಲ್ಲಿಸಿಕೊಂಡು, ಇನ್ನು ಮುಂದೆ ಎಂದೆಂದಿಗೂ ಮುಟ್ಟೆನೆಂದು ಆಣೆಯಿಟ್ಟೆ. ನಾಲ್ಕು ಸಲವೂ ಆ ಮಾತು ಮನಸ್ಸಿನ ತಳದಿಂದಲೇ ಬಂದಿತ್ತು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳಿದ ಆಣೆ ದೀಪಾವಳಿಯವರೆಗೆ ಬಾಳಿತು. ಸುಳ್ಳು ಆಣೆ ಮುರಿದರೆ ಅದರಲ್ಲಿ ಸೋಜಿಗವಿಲ್ಲ. ನಿಜವಾದ ಆಣೆ ಯಾತಕ್ಕೆ ಮುರಿಯುತ್ತದೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅದಕ್ಕೆ ಸಿಕ್ಕ ಅಲ್ಪಸ್ವಲ್ಪ ಉತ್ತರವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಲೇಖನಕ್ಕೆ ನನ್ನ ಹೆಸರು ಹಾಕದಿರಲು ಸಂಪಾದಕರು ಒಪ್ಪಿದ್ದಾರೆ. ಅದರ ಕಾರಣ ಮುಂದೆ ತಿಳಿದೀತು.

ನಾನು ಕಾಲೇಜಿನಲ್ಲಿ ಕನ್ನಡ ಹೇಳುವವನು. ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಪಾಠಕ್ಕೆ ಬಂದಾಗ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುವಂತೆ ಓದಿ ತೋರಿಸುತ್ತಿದ್ದೆ. ಕುಡಿಯದ ಮೇಷ್ಟರೊಬ್ಬರು ಕುಡುಕನೊಬ್ಬನ ಬಾಯಲ್ಲಿ ಅಷ್ಟು ಚೆಲುವಾದ ಮಾತುಗಳನ್ನಿಟ್ಟರಲ್ಲ ಎಂದು ಬೆರಗುಪಟ್ಟು ವಿವರಿಸುತ್ತಿದ್ದೆ. ಹಾಗೆ ವಿವರಿಸುವಾಗ ನನ್ನ ಬಾಯಲ್ಲಿ ಏಲಕ್ಕಿ ಇರುತ್ತಿತ್ತು. ಅದು ಹಿಂದಿನ ರಾತ್ರಿಯ ವಾಸನೆಯನ್ನು ಮುಚ್ಚಲಿಕ್ಕೆ. ರತ್ನನಿಗೆ ಮುಚ್ಚುವ ಚಿಂತೆಯೇ ಇರಲಿಲ್ಲ. ನನಗೆ ಬದುಕೆಲ್ಲ ಮುಚ್ಚುವುದೇ ಆಗಿತ್ತು.

ನಾಲ್ಕನೆಯ ಆಣೆಯ ಕಥೆ ಬೇರೆ. ಅದು ಮುರಿಯುವ ಮೊದಲೇ ನಾನು ಮುರಿದೆ. ಬಿಟ್ಟ ಎರಡನೆಯ ದಿನ ಕೈ ನಡುಗತೊಡಗಿತು. ಮೂರನೆಯ ರಾತ್ರಿ ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕಂಡು ಕಿರುಚಿಕೊಂಡೆನಂತೆ. ನೆರೆಯವರ ಗಾಡಿಯಲ್ಲಿ ಹೆಂಡತಿ ನನ್ನನ್ನು ಧಾರವಾಡದ ಆಸ್ಪತ್ರೆಯೊಂದಕ್ಕೆ ಒಯ್ದಳು. ಬಹಳ ಕಾಲ ವಿಪರೀತ ಕುಡಿದ ದೇಹ ಒಮ್ಮೆಲೆ ಮದ್ಯ ನಿಂತಾಗ ಎರಡು ಮೂರು ದಿನಗಳಲ್ಲಿ ಫಿಟ್ಸಿಗೂ ಸನ್ನಿಗೂ ಈಡಾಗಬಹುದು, ಪ್ರಾಣಕ್ಕೂ ಅಪಾಯವುಂಟು, ಆದುದರಿಂದ ಬಿಡುವುದನ್ನು ವೈದ್ಯರ ಕಣ್ಣೆದುರು ಬಿಡಬೇಕು ಎಂಬುದು ನನಗೆ ತಿಳಿದದ್ದು ಅಲ್ಲಿ. ಭಕ್ತಿಯಿಂದ ಬಿಟ್ಟವನ ನರಗಳಿಗೆ ಭಕ್ತಿ ಗೊತ್ತಿರುವುದಿಲ್ಲ.

ಬಿಡುಗಡೆಯ ದಿನ ಡಾಕ್ಟರು ಹೇಳಿದ ಮಾತು ಸಣ್ಣದು. ‘ಔಷಧ ನನ್ನದು. ಸಂಜೆ ಏಳರಿಂದ ಒಂಬತ್ತು ನಿಮ್ಮದು. ಆ ಹೊತ್ತನ್ನು ಯಾರ ಕೈಯಲ್ಲಿ ಕೊಡುತ್ತೀರಿ?’ ಹೀಗೆ ಕೇಳಿ ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದುಕೊಟ್ಟರು. ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ವಾರಕ್ಕೊಮ್ಮೆ ಕೂಡುವ ಕೂಟವೊಂದರ ನಂಬರು ಅದು.

ಎರಡು ಸಲ ಫೋನು ಮಾಡಿ ಮಾತಾಡದೆ ಇಟ್ಟೆ. ಮೂರನೆಯ ಸಲ ಆ ಕಡೆಯ ದನಿಯೇ ಕೇಳಿತು: ‘ಈಗ ಕುಡದೀರೇನ್ರಿ?’ ‘ಇಲ್ಲ’ ಎಂದೆ. ‘ಹಂಗಾರ ಬರ್ರಿ. ಕುಡದಿದ್ರೂ ಬರ್ರಿ.’

ಹೋದದ್ದು ನಮ್ಮೂರಿಗಲ್ಲ, ಬಸ್ಸಿನಲ್ಲಿ ಒಂದು ತಾಸಿನ ದಾರಿಯ ಇನ್ನೊಂದು ಊರಿಗೆ. ಪ್ರಾಥಮಿಕ ಶಾಲೆಯ ಒಂದು ಕೋಣೆಯನ್ನು ಸಂಜೆಯ ಹೊತ್ತು ಬಿಟ್ಟುಕೊಟ್ಟಿದ್ದರು. ಯಾರಾದರೂ ಕಂಡಾರೆಂದು ಆ ಬಾಗಿಲಿನ ಮುಂದೆ ಮೂರು ಸಲ ಹಾದುಹೋದೆ. ಸಾರಾಯಿ ಅಂಗಡಿಯ ಮುಂದೆ ನಾನು ಒಮ್ಮೆಯೂ ಹಾಗೆ ಹಾದುಹೋದದ್ದಿಲ್ಲ ಎಂಬುದನ್ನು ನೆನೆದರೆ ಈಗ ನಗು ಬರುತ್ತದೆ. ಕಡೆಗೆ ಒಳಗೆ ಕಾಲಿಟ್ಟರೆ, ಮಕ್ಕಳ ಸಣ್ಣ ಬೆಂಚುಗಳ ಮೇಲೆ ಮೊಣಕಾಲು ಮಡಚಿಕೊಂಡು ಎಂಟು ಮಂದಿ ಕುಳಿತಿದ್ದರು. ಒಬ್ಬ ದರ್ಜಿ, ಒಬ್ಬ ಟ್ರ್ಯಾಕ್ಟರ್ ಚಾಲಕ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಒಬ್ಬ ಹಮಾಲ. ನಾನು ಯಾವುದಕ್ಕೆ ಅಂಜಿದ್ದೆನೊ ಅದೂ ಆಯಿತು. ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಅವನು ಅಭ್ಯಾಸಬಲದಿಂದ ಎದ್ದು ನಿಂತ. ದರ್ಜಿ ನಗುತ್ತ, ‘ಕೂಡಪಾ. ಇಲ್ಲಿ ಯಾರೂ ಮಾಸ್ತರ್ರಿಲ್ಲ’ ಎಂದ. ಇಪ್ಪತ್ತು ವರುಷಗಳಲ್ಲಿ ಮೊದಲ ಸಲ ನಾನು ಶಾಲೆಯ ಕೋಣೆಯಲ್ಲಿ ಬೆಂಚಿನ ಮೇಲೆ ಕುಳಿತೆ.

ಅಲ್ಲಿ ನಡೆಯುವುದು ಹೆಚ್ಚೇನೂ ಇಲ್ಲ. ಒಬ್ಬೊಬ್ಬರಾಗಿ ತಾವು ಕುಡುಕರೆಂದು ಹೇಳಿ, ಕಳೆದ ವಾರ ಹೇಗೆ ಕಳೆಯಿತೆಂಬುದನ್ನು ಹೇಳುತ್ತಾರೆ. ಒಬ್ಬರು ಹೇಳುವಾಗ ಉಳಿದವರು ಸುಮ್ಮನಿರುತ್ತಾರೆ. ಬುದ್ಧಿವಾದವಿಲ್ಲ, ಚಂದಾ ಇಲ್ಲ, ಹಾಜರಿಪುಸ್ತಕವಿಲ್ಲ. ಕಡೆಗೆ ಚಹ. ಇದಕ್ಕಾಗಿ ಬಸ್ಸಿನ ಹಣ ಕೊಟ್ಟು ಬಂದೆನೆ ಎಂದು ಮೊದಲ ದಿನ ಅನ್ನಿಸಿತು. ಮರುವಾರವೂ ಹೋದೆ; ಯಾಕೆಂದರೆ ಆ ಎರಡು ತಾಸು ನಾನು ಏನನ್ನೂ ಮುಚ್ಚಬೇಕಾಗಿರಲಿಲ್ಲ.

ಇಂಥ ಕೂಟಗಳ ಹುಟ್ಟಿನ ಕಥೆ ತಿಳಿಯಬೇಕಾದದ್ದು. 1935ರಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬ ಷೇರುವ್ಯಾಪಾರದ ಮನುಷ್ಯ ಕೆಲಸ ಕೆಟ್ಟು ಓಹಾಯೋ ರಾಜ್ಯದ ಆಕ್ರನ್ ಎಂಬ ಪರವೂರಿನ ಹೋಟೆಲಿನಲ್ಲಿ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಒಂದು ಬದಿಯಲ್ಲಿ ಪಾನಗೃಹ, ಇನ್ನೊಂದು ಬದಿಯಲ್ಲಿ ಟೆಲಿಫೋನು. ಆತ ಟೆಲಿಫೋನಿನ ಬದಿಗೆ ನಡೆದು, ಈ ಊರಿನಲ್ಲಿ ಯಾರಾದರೂ ಕುಡುಕರಿದ್ದರೆ ಅವರೊಡನೆ ಮಾತಾಡಬೇಕಾಗಿದೆ ಎಂದು ಚರ್ಚುಗಳಲ್ಲಿ ವಿಚಾರಿಸಿದ. ಹಾಗೆ ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಆ ವರುಷದ ಜೂನ್ 10 ಅವರು ಕಡೆಯ ಸಲ ಕುಡಿದ ದಿನ. ಅದನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ನಾಮರಹಿತ ಸಂಘದ ಹುಟ್ಟುಹಬ್ಬವೆಂದು ಎಣಿಸುತ್ತಾರೆ. ವಿಲ್ಸನ್ ಹೋದದ್ದು ಇನ್ನೊಬ್ಬನನ್ನು ಉದ್ಧರಿಸಲಿಕ್ಕಲ್ಲ, ತಾನು ಉಳಿಯಲಿಕ್ಕೆ. ಈ ಕಥೆಯ ಜೀವವೆಲ್ಲ ಅಷ್ಟರಲ್ಲಿದೆ.

ಆ ಸಂಘ 1957ರಲ್ಲಿ ದಿಲ್ಲಿಯ ಮೂಲಕ ನಮ್ಮ ದೇಶಕ್ಕೂ ಬಂತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ನಡೆಸುವ ಮದ್ಯವರ್ಜನ ಶಿಬಿರಗಳು ನಮ್ಮ ನಾಡಿನ ಊರೂರಲ್ಲಿ ನಡೆದಿವೆ. ಶಿಬಿರ ಮುಗಿದ ಮೇಲೆ ಬಿಟ್ಟವರು ಒಟ್ಟಿಗೆ ಕೂಡುವ ‘ನವಜೀವನ ಸಮಿತಿ’ಗಳೂ ಇವೆ. ಎಲ್ಲಿ ಕೇಳಬೇಕೆಂದು ತೋಚದವರು 2022ರಲ್ಲಿ ತೊಡಗಿದ ಸರಕಾರದ ಟೆಲಿಮಾನಸ್, ಅಂದರೆ 14416ಕ್ಕೆ, ಕನ್ನಡದಲ್ಲೇ ಕೇಳಬಹುದು. ಇದೆಲ್ಲ ಬರಿಯ ಸಮಾಧಾನದ ಮಾತೆಂದು ನನ್ನಂತೆ ಸಂಶಯಪಡುವವರಿಗೆ ಇನ್ನೊಂದು ವಿಷಯ: 2020ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆ 10,565 ಜನರನ್ನು ಒಳಗೊಂಡ 27 ಅಧ್ಯಯನಗಳನ್ನು ತೂಗಿ ನೋಡಿತು. ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ಜನರನ್ನು ಈ ಕೂಟಗಳತ್ತ ಕ್ರಮವಾಗಿ ನಡೆಸುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಹೆಚ್ಚು ಫಲಕೊಡುತ್ತದೆಂದು ಅದು ಕಂಡಿತು.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ನಿಜವಾದ ಆಣೆ ಯಾತಕ್ಕೆ ಮುರಿಯುತ್ತದೆ?

ಆಣೆಯೆಂಬುದು ಮುಂದಿನ ಕಾಲಕ್ಕೆ ಸೇರಿದ ಮಾತು. ಬೆಳಿಗ್ಗೆ ಗುಡ್ಡದ ಮೇಲೆ ನಿಂತವನು ಮಿಂದು ಮಡಿಯಾದವನು. ಅವನ ಕಣ್ಣಲ್ಲಿ ನೀರಿದೆ, ಪಕ್ಕದಲ್ಲಿ ಹೆಂಡತಿಯಿದ್ದಾಳೆ. ಅವನಿಗೆ ಕುಡಿಯುವ ಆಸೆಯೇ ಇಲ್ಲ. ಆಸೆ ಬರುವುದು ಸಂಜೆಯವನಿಗೆ. ದಣಿದು, ಒಬ್ಬಂಟಿಯಾಗಿ, ಯಾವುದೊ ಅವಮಾನವನ್ನು ಮೆಲುಕು ಹಾಕುತ್ತ ಬಸ್‌ಸ್ಟ್ಯಾಂಡಿನಲ್ಲಿ ನಿಂತವನಿಗೆ. ಬೆಳಗಿನವನು ಸಂಜೆಯವನನ್ನು ಒಂದು ಮಾತೂ ಕೇಳದೆ ಅವನ ಹೆಸರಿನಲ್ಲಿ ಸಾಲಪತ್ರ ಬರೆದುಕೊಟ್ಟುಬಿಡುತ್ತಾನೆ. ತೀರಿಸುವಾಗ ಬೆಳಗಿನವನು ಎಲ್ಲಿದ್ದಾನೆ? ಯಾವ ಸಂಕಲ್ಪ ಮುರಿದುಬಿದ್ದಿದೆಯೊ ಅದೇ ಸಂಕಲ್ಪಕ್ಕೆ ತನ್ನನ್ನು ತಾನೇ ಕಟ್ಟಿಕೊ ಎಂದು ಹೇಳುವುದು, ತನ್ನ ಹೆಗಲ ಮೇಲೆ ತಾನೇ ಹತ್ತಿ ನಿಲ್ಲೆಂದು ಹೇಳಿದ ಹಾಗೆ.

ಮುರಿದ ಮೇಲಿನ ಪಾಡು ಇನ್ನೂ ಕಠಿಣ. ಆಣೆ ತಪ್ಪಿದವನಿಗೆ ನಾಚಿಕೆ. ನಾಚಿಕೆಗೆ ಅವನಿಗೆ ಗೊತ್ತಿರುವ ಮದ್ದು ಒಂದೇ. ಎರಡನೆಯ ಆಣೆ ತಪ್ಪಿದ ವರುಷ ನಾನು ಗುಡ್ಡಕ್ಕೇ ಹೋಗಲಿಲ್ಲ. ಪೇಟೆಯ ಸಾಲಗಾರರನ್ನು ತಪ್ಪಿಸಿಕೊಂಡು ಅಡ್ಡದಾರಿ ಹಿಡಿಯುತ್ತಿದ್ದವನು ದೇವರನ್ನೂ ಆ ಪಟ್ಟಿಗೆ ಸೇರಿಸಿಕೊಂಡೆ. ಹೀಗೆ ನನ್ನ ಆಣೆಗಳು ನನಗೆ ಮದ್ಯವನ್ನು ಬಿಡಿಸಲಿಲ್ಲ, ದೇವರನ್ನು ಬಿಡಿಸಿದವು.

ಕೂಟದಲ್ಲಿ ಯಾರೂ ಆಣೆ ಕೇಳಲಿಲ್ಲ. ಅಲ್ಲಿ ಕೇಳುವುದು ಒಪ್ಪಿಗೆಯನ್ನು. ‘ನನ್ನಿಂದ ಆಗಲಿಲ್ಲ’ ಎಂಬುದು ನಡೆದುಹೋದ ಸಂಗತಿಯ ಮಾತು, ಭರವಸೆಯಲ್ಲ. ಆಣೆಯನ್ನು ಮುರಿಯಬಹುದು, ಒಪ್ಪಿಕೊಂಡ ಸಂಗತಿಯನ್ನು ಮುರಿಯುವುದು ಹೇಗೆ? ನಾಳೆಯ ಬಗ್ಗೆ ಅಲ್ಲಿ ಆಡುವುದೂ ಸಣ್ಣ ಮಾತು: ಈ ಒಂದು ದಿನ ಕುಡಿಯುವುದಿಲ್ಲ. ಒಂದು ದಿನವನ್ನು ನನ್ನಂಥ ದುರ್ಬಲನೂ ಹೊತ್ತುಕೊಂಡು ನಡೆದಾನು. ‘ಎಂದೆಂದಿಗೂ’ ಎಂಬ ಮೂಟೆಯನ್ನು ಹಮಾಲನೂ ಎತ್ತಲಾರ.

ಇಲ್ಲಿ ವಿಚಾರವಂತರು ಒಂದು ಆಕ್ಷೇಪ ಎತ್ತುತ್ತಾರೆ; ನಾನೂ ಎತ್ತಿದ್ದೆ. ‘ನಾನು ಅಸಹಾಯಕ’ ಎಂದು ವಾರವಾರವೂ ಹೇಳಿಕೊಳ್ಳುವುದು ಜವಾಬ್ದಾರಿಯಿಂದ ಜಾರಿಕೊಳ್ಳುವ ಜಾಣತನವಲ್ಲವೆ? ಕುಡಿತ ಒಂದು ರೋಗವಾದರೆ ರೋಗಿಯ ಮೇಲೆ ತಪ್ಪು ಹೊರಿಸುವವರಾರು? ಹೆಂಡತಿ ಮಕ್ಕಳ ಕಣ್ಣೀರಿಗೆ ಲೆಕ್ಕ ಕೊಡುವವರಾರು?

ಇದಕ್ಕೆ ಉತ್ತರ ನನಗೆ ಪುಸ್ತಕದಲ್ಲಿ ಸಿಗಲಿಲ್ಲ. ಒಂದು ವರುಷ ನಾನು ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಒಂದು ಇಡೀ ಕಟ್ಟನ್ನು ಓದದೆಯೇ ಅಂಕ ಹಾಕಿದ್ದೆ. ಬರೆವಣಿಗೆಯ ಉದ್ದ ನೋಡಿ ಹಾಕಿದ ಅಂಕಗಳು ಅವು. ಯಾರಿಗೆ ಎಷ್ಟು ಅನ್ಯಾಯವಾಯಿತೊ ನಾನರಿಯೆ; ಆ ಮಕ್ಕಳು ಎಲ್ಲೆಲ್ಲಿಗೊ ಚದುರಿಹೋದರು. ಕುಡುಕರಿಗೆ ಬೀಳುವುದು, ಬಡಿಯುವುದು, ಮಾರುವುದು ಇವೆಲ್ಲ ಪಾಪಗಳೆಂದು ಎಲ್ಲರೂ ಬಲ್ಲರು. ನನ್ನ ಪಾಪಕ್ಕೆ ಸಾಕ್ಷಿಯೇ ಇರಲಿಲ್ಲ. ಐದನೆಯ ವಾರವೊ ಆರನೆಯ ವಾರವೊ ಅದನ್ನು ಆ ಬೆಂಚಿನ ಮೇಲೆ ಕುಳಿತು ಹೇಳಿದೆ. ಹೇಳುವಾಗ ಹಳೆಯ ವಿದ್ಯಾರ್ಥಿಯ ಮುಖ ನೋಡಲಾಗಲಿಲ್ಲ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಚಹದ ಹೊತ್ತಿಗೆ ಅವನೇ ಹತ್ತಿರ ಬಂದು ಮೆಲ್ಲಗೆ, ‘ಈ ವರ್ಷದವನ್ನ ಓದ್ರಿ, ಸರ’ ಎಂದ.

ಅವನು ಕ್ಷಮಿಸಲೂ ಇಲ್ಲ, ಶಪಿಸಲೂ ಇಲ್ಲ. ಒಂದು ಕೆಲಸ ಕೊಟ್ಟ. ಅಂದಿನಿಂದ ಪ್ರತಿಯೊಂದು ಪತ್ರಿಕೆಯನ್ನೂ ಎರಡು ಸಲ ಓದುತ್ತೇನೆ. ಹಳೆಯ ಸಾಲ ಅದರಿಂದ ತೀರಿತೆಂದು ಹೇಳಲಾರೆ. ಆದರೆ ಅಸಹಾಯಕತೆಯೂ ಜವಾಬ್ದಾರಿಯೂ ಒಂದೇ ಮನುಷ್ಯನಲ್ಲಿ ಜಗಳವಿಲ್ಲದೆ ಇರಬಲ್ಲವೆಂಬುದು ನನಗೆ ಆಗ ತಿಳಿಯಿತು. ಮೊದಲ ಲೋಟ ಒಳಗೆ ಹೋದ ಮೇಲೆ ನಾನು ಅಸಹಾಯಕ. ಅಲ್ಲಿ ನನ್ನ ಪೌರುಷ ಯಾವುದೂ ನಡೆಯದು. ಆದರೆ ಗುರುವಾರ ಸಂಜೆ ಆರರ ಬಸ್ಸು ಹಿಡಿಯುವುದು ನನ್ನ ಕೈಯಲ್ಲಿದೆ. ಕೆಡಿಸಿದ್ದನ್ನು ಎಣಿಸಿ, ಸರಿಪಡಿಸಬಹುದಾದದ್ದನ್ನು ಸರಿಪಡಿಸುವುದೂ ನನ್ನ ಕೈಯಲ್ಲಿದೆ. ಆ ನಾಮರಹಿತ ಸಂಘದ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದು ಅಸಹಾಯಕತೆಯ ಒಪ್ಪಿಗೆ. ಎಂಟನೆಯದೂ ಒಂಬತ್ತನೆಯದೂ ನೊಂದವರ ಪಟ್ಟಿ ಮಾಡಿ ನಷ್ಟ ತುಂಬಿಕೊಡುವ ಮಾತು. ಮೊದಲನೆಯದರಲ್ಲೇ ಕುಳಿತುಬಿಡುವವನಿಗೆ ಅದು ಮೆಟ್ಟಿಲಲ್ಲ, ಹಾಸಿಗೆ.

ದೇವರ ಪ್ರಶ್ನೆಯೂ ಬರುತ್ತದೆ. ತನಗಿಂತ ದೊಡ್ಡ ಶಕ್ತಿಯೊಂದನ್ನು, ಅವರವರು ತಿಳಿದುಕೊಂಡ ಬಗೆಯಲ್ಲಿ, ನಂಬಬೇಕೆಂದು ಆ ಮೆಟ್ಟಿಲುಗಳು ಹೇಳುತ್ತವೆ. ನಮ್ಮ ಕೂಟದಲ್ಲಿ ಹಮಾಲನಿಗೆ ಅದು ಮಾಲತೇಶ, ಚಾಲಕನಿಗೆ ಅಲ್ಲಾಹು. ನನ್ನ ನಂಬಿಕೆ ಆಗ ಹರಕು ಚೀಲದಂತಾಗಿತ್ತು. ನನಗಿಂತ ದೊಡ್ಡದಾಗಿ ಕಂಡದ್ದು ಆ ಎಂಟು ಜನರ ಮೌನ. ಅಷ್ಟು ಸಾಕೆಂದು ಅವರೂ ಹೇಳಿದರು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ನಮ್ಮ ಸೀಮೆ ಮುಂಬೈ ರಾಜ್ಯಕ್ಕೆ ಸೇರಿದ್ದಾಗ 1949ರ ಪಾನನಿರೋಧ ಕಾಯಿದೆಯನ್ನು ಕಂಡಿತು. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು. ಅಂಗಡಿ ಮುಚ್ಚುವುದರಿಂದ ಎಷ್ಟೋ ಮನೆಗಳ ಒಲೆ ಹೊತ್ತಿರಬಹುದು. ಆದರೆ ಕಾನೂನು ಬಾಗಿಲು ಮುಚ್ಚಬಲ್ಲುದೇ ಹೊರತು, ಮುಚ್ಚಿದ ಬಾಗಿಲಿನ ಮುಂದೆ ನಿಂತವನ ಜತೆ ಮನೆಯವರೆಗೆ ನಡೆದು ಬರಲಾರದು. ನಮ್ಮ ಕಡೆ ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದವರು ಇಳಕಲ್ಲಿನ ಮಹಾಂತ ಸ್ವಾಮಿಗಳು. 1970ರ ದಶಕದಲ್ಲಿ ಅವರು ಜೋಳಿಗೆ ಹಿಡಿದು ಮನೆಮನೆಗೆ ಹೋದರು; ಕಾಳುಕಡಿ ಬೇಡಲಿಲ್ಲ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1 ಈಗ ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಎಲ್ಲರೂ ಕುಡುಕನಿಗೆ ಉಪದೇಶ ಕೊಡಲು ಬರುವವರೇ. ಅವನ ಹತ್ತಿರ ಬೇಡಲು ಬಂದವರು ಯಾರು? ಕೊಡಲು ತನ್ನಲ್ಲಿಯೂ ಏನೊ ಇದೆಯೆಂದು ತಿಳಿದ ಗಳಿಗೆಯಲ್ಲಿ ಮನುಷ್ಯನ ಬೆನ್ನು ನೆಟ್ಟಗಾಗುತ್ತದೆ. ಕೂಟದಲ್ಲಿಯೂ ಹೀಗೆಯೆ. ನನ್ನ ಹಾಳುಬದುಕು ಹೊಸದಾಗಿ ಬಂದ ಇನ್ನೊಬ್ಬನಿಗೆ ಉಪಯೋಗಕ್ಕೆ ಬರುತ್ತದೆ.

ಹೆಸರಿಲ್ಲದಿರುವುದರ ಅರ್ಥವೂ ನನಗೆ ತಡವಾಗಿ ಹೊಳೆಯಿತು. ನಮ್ಮಂಥ ಊರುಗಳಲ್ಲಿ ಗುಟ್ಟು ಉಳಿಯುವುದುಂಟೆ? ನಾನು ಯಾವ ಬಸ್ಸು ಹತ್ತುತ್ತೇನೆ, ಎಲ್ಲಿ ಇಳಿಯುತ್ತೇನೆ ಎಂಬುದು ತಿಂಗಳೊಳಗೆ ಎಲ್ಲರಿಗೂ ತಿಳಿದಿತ್ತು. ಹೊಸಬನನ್ನು ಊರ ಬಾಯಿಯಿಂದ ಕಾಯುವುದು ಆ ನಿಯಮದ ಒಂದು ಕೆಲಸ. ಆದರೆ ಅದಕ್ಕಿಂತ ದೊಡ್ಡ ಕೆಲಸ ಅಂತಸ್ತನ್ನು ಹೊರಗಿಟ್ಟು ಬರುವುದು. ಪತ್ರಿಕೆಯಲ್ಲಿ ಸದಸ್ಯನು ತನ್ನ ಹೆಸರು ಹಾಕಿಕೊಳ್ಳಬಾರದೆಂಬ ಕಟ್ಟುಪಾಡು ಇರುವುದೂ ಅದಕ್ಕೇ. ಗೆದ್ದೆನೆಂದು ಮೆರೆಯುವವನು ಸೋಲಿನ ಹತ್ತಿರವೇ ಇರುತ್ತಾನೆ. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯಲ್ಲಿ ನಮ್ಮ ತಾಲೂಕಿನ ಚೌಡದಾನಪುರ ಇಂದಿಗೂ ನೆನೆಯುವ ಅಂಬಿಗರ ಚೌಡಯ್ಯನೂ, ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನೂ ಸಮನಾಗಿ ಕುಳಿತಿದ್ದರೆಂದು ಇಪ್ಪತ್ತು ವರುಷ ಟಿಪ್ಪಣಿ ಹೇಳಿ ಬರೆಸಿದೆ. ಗೊರವರು ತಮ್ಮನ್ನು ದೇವರ ನಾಯಿಗಳೆಂದು ಕರೆದುಕೊಂಡು, ಬೊಗಳುತ್ತ ದೋಣಿಯ ಎಡೆಯನ್ನು ಬಾಯಿಂದಲೇ ತಿನ್ನುವ ಸೇವೆಯನ್ನು ‘ಅಹಂಕಾರನಿರಸನ’ ಎಂದು ವಿವರಿಸಿದೆ. ಪದ ಸರಿಯಾಗಿಯೇ ಇತ್ತು. ಅದರೊಳಗೆ ನಾನಿರಲಿಲ್ಲ.

ಒಂದು ಕೊರತೆಯನ್ನೂ ಹೇಳಿಬಿಡಬೇಕು. ನಮ್ಮ ಆ ಕೋಣೆಯಲ್ಲಿ ಹೆಂಗಸರಿಲ್ಲ. ಗುಡ್ಡದ ಮೇಲೆ ನಾಲ್ಕು ಸಲವೂ ನನ್ನ ಪಕ್ಕ ನಿಂತವಳಿಗೆ ತನ್ನ ಮಾತು ಹೇಳಿಕೊಳ್ಳಲು ಬೆಂಚು ಎಲ್ಲಿದೆ? ಕುಡುಕರ ಮನೆಯವರಿಗೆಂದೇ ‘ಅಲ್‌ಅನಾನ್’ ಎಂಬ ಸಂಘ 1951ರಲ್ಲಿ ಅಮೇರಿಕೆಯಲ್ಲಿ ಹುಟ್ಟಿತು. ನಮ್ಮ ಊರುಕೇರಿಗಳಲ್ಲಿ ಅಂಥದು ಹಬ್ಬಬೇಕಾಗಿದೆ. ನಾನು ಕೂಟದಿಂದ ಹಗುರಾಗಿ ಮನೆಗೆ ಬಂದ ಒಂದು ರಾತ್ರಿ ಅವಳು, ‘ನಿಮಗ ಹೇಳಾಕ ಎಂಟು ಮಂದಿ ಸಿಕ್ಕರು’ ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಮಾತಿಗೆ ಇನ್ನೂ ನನ್ನಲ್ಲಿ ಉತ್ತರವಿಲ್ಲ. ಈಗೀಗ ಕೇಳಿಸಿಕೊಳ್ಳುವುದನ್ನು ಕಲಿಯುತ್ತಿದ್ದೇನೆ.

ಮೂರನೆಯ ತಿಂಗಳಲ್ಲಿ ನಾನು ಬಿದ್ದೆ. ಕಾರಣ ಹೇಳುವಷ್ಟು ದೊಡ್ಡದಲ್ಲ. ಕಾರಣ ಯಾವಾಗಲೂ ದೊಡ್ಡದಿರುವುದಿಲ್ಲ. ಮೂರು ದಿನ ಕುಡಿದೆ. ಹಳೆಯ ರೀತಿಯಾದರೆ ಮುಂದಿನ ದಸರೆಯವರೆಗೆ ಕಾಯಬೇಕಾಗಿತ್ತು, ಇನ್ನೊಂದು ಆಣೆಗೆ. ಆದರೆ ನಡುವೆ ಗುರುವಾರ ಬಂತು. ಮುಖ ಬಾಡಿಸಿಕೊಂಡು ಬಾಗಿಲಲ್ಲಿ ನಿಂತೆ. ದರ್ಜಿ ಒಮ್ಮೆ ನೋಡಿದ. ‘ಬರ್ರಿ, ಕೂಡ್ರಿ’ ಎಂದು ಚಹದ ಲೋಟ ಮುಂದಿಟ್ಟ. ಕೈ ನಡುಗುವುದನ್ನು ಕಂಡು ಚಾಲಕ ಮರುದಿನ ಬೆಳಿಗ್ಗೆಯೇ ನನ್ನನ್ನು ಡಾಕ್ಟರ ಬಳಿಗೆ ಕರೆದೊಯ್ದ. ಎಷ್ಟು ಕುಡಿದೆಯೆಂದು ಯಾರೂ ಲೆಕ್ಕ ಕೇಳಲಿಲ್ಲ.

ಕಳೆದ ದಸರೆಗೆ ಹೆಂಡತಿಯೊಡನೆ ದೇವರಗುಡ್ಡಕ್ಕೆ ಹೋಗಿದ್ದೆ. ಈ ಸಲ ಆಣೆಯಿಡಲಿಲ್ಲ; ಅವಳೂ ಕೇಳಲಿಲ್ಲ. ಗೊರವಪ್ಪ ಬಿಲ್ಲನ್ನೇರಿದಾಗ ಎಲ್ಲರ ಕಣ್ಣೂ ಮೇಲಿತ್ತು. ನನ್ನ ಕಣ್ಣು ಅದೇಕೊ ಕೆಳಕ್ಕೆ ಹೋಯಿತು. ಬಿಲ್ಲಿನ ಬುಡದಲ್ಲಿ ಒತ್ತೊತ್ತಾಗಿ ನಿಂತ ಜನ ಮುಖವೆತ್ತಿ ಕೈ ಚಾಚಿದ್ದರು. ಅವರ ಹೆಸರು ಯಾರಿಗೂ ಬೇಕಿಲ್ಲ. ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುವುದು ಕಾರಣಿಕದ ಮಾತು. ಆತ ಬೀಳುತ್ತಾನೆಂದು ಅವರಿಗೆ ಮೊದಲೇ ಗೊತ್ತಿದೆ. ಬೀಳಬಾರದೆಂದು ಅವರು ಕೂಗುವುದಿಲ್ಲ, ಬಿದ್ದನೆಂದು ಬಯ್ಯುವುದಿಲ್ಲ. ಕೈ ಚಾಚಿ ನಿಂತಿರುತ್ತಾರೆ, ಅಷ್ಟೆ. ಅಷ್ಟು ಎತ್ತರದಿಂದ ಆತ ಕೈಬಿಡುವುದು ತನ್ನ ಬಲವನ್ನು ನಂಬಿಯಲ್ಲ.

ನನ್ನ ನಾಲ್ಕು ಆಣೆಗಳೂ ಕೆಳಗೆ ಯಾರೂ ಇಲ್ಲದೆ ಏರಿದ ಬಿಲ್ಲುಗಳು. ದೇವರು ಮೋಸ ಮಾಡಲಿಲ್ಲ. ಅವನ ಗುಡ್ಡದಲ್ಲೇ ಪ್ರತಿವರುಷ ಎದುರಿಗೆ ನಡೆಯುತ್ತಿದ್ದುದನ್ನು ನಾನು ಅರ್ಧ ಮಾತ್ರ ನೋಡಿದ್ದೆ.

ಆ ದಿನದ ಕಾರಣಿಕದ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಹೇಳಿದಳು. ಮಳೆಯ ಬಗ್ಗೆ ಇರಬೇಕೆಂದು ಅವಳ ಅರ್ಥ. ನಾಳೆ ಗುರುವಾರ. ಹೋದ ವಾರ ಒಬ್ಬ ಹುಡುಗ ನಮ್ಮ ಬಾಗಿಲಿನ ಮುಂದೆ ಎರಡು ಸಲ ಹಾದುಹೋದ. ಮೂರನೆಯ ಸಲ ಬಂದಾನೇನೊ ಎಂದು ನಾನು ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂಡ್ರಬೇಕೆಂದಿದ್ದೇನೆ.